ಥೈರಾಯ್ಡ್ ಕಾಯಿಲೆಗೆ ಖನಿಜದ ಮಾತ್ರೆ: ನುಂಗುವ ಮೊದಲು ಲೆಕ್ಕ ಹಾಕುವ ಬಗೆ

ಹಾಶಿಮೊಟೊ ಎಂಬ ಥೈರಾಯ್ಡ್ ಕಾಯಿಲೆ ಇದೆ ಎಂದು ವೈದ್ಯರು ಹೇಳಿ ಒಂದು ತಿಂಗಳಾಗುವಷ್ಟರಲ್ಲಿ ನನ್ನ ಮೇಜಿನ ಮೇಲೆ ನಾಲ್ಕು ಡಬ್ಬಿಗಳು ಬಂದು ಕುಳಿತಿದ್ದವು. ಸೆಲೆನಿಯಂ ಒಂದು, ಬಹುಖನಿಜದ ಮಾತ್ರೆ ಒಂದು, ಥೈರಾಯ್ಡ್‌ಗೆ ಬಲ ಕೊಡುತ್ತದೆ ಎಂದು ತನ್ನ ಬಗ್ಗೆ ತಾನೇ ಹೇಳಿಕೊಂಡಿದ್ದ ಮಿಶ್ರಣ ಒಂದು, ಕೂದಲು ಉದುರುವುದಕ್ಕೆಂದು ಕೊಂಡದ್ದು ಮತ್ತೊಂದು. ವೈದ್ಯರು ಬರೆದುಕೊಟ್ಟ ಥೈರಾಯ್ಡ್ ಹಾರ್ಮೋನ್ ಮಾತ್ರೆ ಲೆವೊಥೈರಾಕ್ಸಿನ್ ಈ ದೊಡ್ಡ ಡಬ್ಬಿಗಳ ಹಿಂದೆ ಎಲ್ಲೋ ಮರೆಯಾಗಿತ್ತು. ಒಂದು ದಿನ ಕುಳಿತು ನಾಲ್ಕರ ಲೇಬಲ್‌ಗಳನ್ನೂ ಕೂಡಿಸಿ ನೋಡಿದೆ. ಸೆಲೆನಿಯಂ ಮೂರು ಕಡೆಯಿಂದ ಬರುತ್ತಿತ್ತು. ರಕ್ತ ಪರೀಕ್ಷೆಯಲ್ಲಿ ನಿಜವಾಗಿ ಕಡಿಮೆ ಇದ್ದ ಕಬ್ಬಿಣ ಮಾತ್ರ ಒಂದರಲ್ಲೂ ಇರಲಿಲ್ಲ.

ಥೈರಾಯ್ಡ್‌ಗೆ ಯಾವ ಖನಿಜ ಒಳ್ಳೆಯದು ಎಂದು ಎಲ್ಲರೂ ಕೇಳುತ್ತಾರೆ. ಆ ಪ್ರಶ್ನೆಗೆ ಉತ್ತರ ಸುಲಭ: ಅಯೋಡಿನ್, ಸೆಲೆನಿಯಂ, ಕಬ್ಬಿಣ, ಸತು, ಎಲ್ಲವೂ ಬೇಕು. ಆದರೆ ಆ ಉತ್ತರದಿಂದ ಯಾರಿಗೂ ಉಪಯೋಗವಿಲ್ಲ. ನಿಮ್ಮ ದೇಹದಲ್ಲಿ ಯಾವುದು ಕಡಿಮೆಯಿದೆ, ಯಾವುದು ಈಗಾಗಲೇ ಸಾಕಾಗಿದೆ, ಯಾವುದು ಹೆಚ್ಚಾದರೆ ಕೆಡುಕು ಎಂಬುದನ್ನು ಒಂದೊಂದಾಗಿ ಕಂಡುಕೊಳ್ಳುವ ಕ್ರಮವನ್ನು ಇಲ್ಲಿ ಬರೆದಿದ್ದೇನೆ. ಇದನ್ನು ಓದಿ ವೈದ್ಯರು ಕೊಟ್ಟ ಮಾತ್ರೆಯನ್ನು ಯಾರೂ ನಿಲ್ಲಿಸಬಾರದು. ಗ್ರಂಥಿ ಸಾಕಷ್ಟು ಹಾರ್ಮೋನ್ ಮಾಡಲಾರದ ಸ್ಥಿತಿಗೆ ಬಂದಿದ್ದರೆ ಆ ಕೆಲಸವನ್ನು ಯಾವ ಖನಿಜವೂ ಮಾಡಿಕೊಡುವುದಿಲ್ಲ.

ಮೊದಲ ಹೆಜ್ಜೆ: ಕಾಯಿಲೆಯ ಹೆಸರನ್ನು ಸರಿಯಾಗಿ ಬರೆದುಕೊಳ್ಳಿ

‘ನನಗೆ ಥೈರಾಯ್ಡ್ ಇದೆ’ ಎನ್ನುವವರು ಬಹಳ. ಥೈರಾಯ್ಡ್ ಎಲ್ಲರಿಗೂ ಇರುತ್ತದೆ. ಕತ್ತಿನ ಮುಂಭಾಗದಲ್ಲಿ ಚಿಟ್ಟೆ ರೆಕ್ಕೆ ಬಿಚ್ಚಿ ಕೂತಂತೆ ಕಾಣುವ ಗ್ರಂಥಿ ಅದು. ಅದಕ್ಕೆ ಬಂದಿರುವುದು ಯಾವ ತೊಂದರೆ ಎಂಬುದರ ಮೇಲೆ ಮುಂದಿನದೆಲ್ಲ ನಿಂತಿದೆ.

ಹಾಶಿಮೊಟೊ ಕಾಯಿಲೆಯಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆಯೇ ಗ್ರಂಥಿಯ ಜೀವಕೋಶಗಳ ಮೇಲೆ ತಿರುಗಿಬಿದ್ದು, ವರ್ಷಗಟ್ಟಲೆ ನಿಧಾನವಾಗಿ ಅದನ್ನು ಸವೆಸುತ್ತದೆ. ಇಂಥವನ್ನು ಸ್ವಯಂನಿರೋಧಕ ಕಾಯಿಲೆ ಎನ್ನುತ್ತಾರೆ. ಜಪಾನಿನ ಶಸ್ತ್ರವೈದ್ಯ ಹಕಾರು ಹಾಶಿಮೊಟೊ 1912ರಲ್ಲಿ ನಾಲ್ವರು ಮಹಿಳೆಯರ ಗ್ರಂಥಿಗಳನ್ನು ಪರೀಕ್ಷಿಸಿ ಇದನ್ನು ಮೊದಲು ವಿವರಿಸಿದರು. ಹಾರ್ಮೋನ್ ಕಡಿಮೆಯಾಗುವುದು ಇದರ ಸಾಮಾನ್ಯ ಕೊನೆ. ಗ್ರೇವ್ಸ್ ಕಾಯಿಲೆ ಇದರ ಎದುರು ದಿಕ್ಕಿನದು: ಅಲ್ಲಿ ರೋಗನಿರೋಧಕ ವ್ಯವಸ್ಥೆ ತಯಾರಿಸುವ ಪ್ರತಿಕಾಯಗಳು ಗ್ರಂಥಿಯನ್ನು ಬಿಡುವಿಲ್ಲದೆ ದುಡಿಸುತ್ತವೆ, ಹಾರ್ಮೋನ್ ಉಕ್ಕುತ್ತದೆ, ಕೆಲವರಿಗೆ ಕಣ್ಣಿನ ತೊಂದರೆಯೂ ಬರುತ್ತದೆ.

ನಿಮ್ಮ ವರದಿಯಲ್ಲಿ ಟಿಎಸ್‌ಎಚ್ (ಥೈರಾಯ್ಡ್‌ಗೆ ಕೆಲಸ ಮಾಡೆಂದು ಮೆದುಳಿನ ಬುಡದ ಗ್ರಂಥಿ ಕಳಿಸುವ ಹಾರ್ಮೋನ್; ಥೈರಾಯ್ಡ್ ಸೋತರೆ ಇದು ಏರುತ್ತದೆ), ಫ್ರೀ ಟಿ4 (ಥೈರಾಯ್ಡ್ ತಯಾರಿಸುವ ಹಾರ್ಮೋನ್) ಮತ್ತು ಟಿಪಿಒ ಪ್ರತಿಕಾಯ (ಆ ಹಾರ್ಮೋನ್ ತಯಾರಿಸುವ ಕಿಣ್ವದ ಮೇಲೆ ದಾಳಿ ಮಾಡುವುದು) ಈ ಮೂರೂ ಇವೆಯೇ ನೋಡಿ. ಗ್ರೇವ್ಸ್ ಅನುಮಾನವಿದ್ದರೆ ಟಿಎಸ್‌ಎಚ್ ಗ್ರಾಹಕದ ಪ್ರತಿಕಾಯದ ಪರೀಕ್ಷೆಯೂ ಬೇಕು. ಟಿಪಿಒ ಪ್ರತಿಕಾಯ ಹೆಚ್ಚಿದೆ, ಟಿಎಸ್‌ಎಚ್ ಮಾತ್ರ ಸರಿಯಾಗಿದೆ ಎಂದಾದರೆ ಗಾಬರಿಯಾಗಬೇಕಿಲ್ಲ. ಅಂಥವರು ಬಹಳ ಮಂದಿ ಇದ್ದಾರೆ, ಎಷ್ಟೋ ಜನ ಹಾಗೆಯೇ ಇದ್ದುಬಿಡುತ್ತಾರೆ. ಇಂಗ್ಲೆಂಡಿನ ವಿಕಮ್ ಎಂಬಲ್ಲಿ ಊರಿನ ಜನರನ್ನು 20 ವರ್ಷ ಹಿಂಬಾಲಿಸಿ ನೋಡಿದ ಅಧ್ಯಯನದಲ್ಲಿ, ಟಿಎಸ್‌ಎಚ್ ಮತ್ತು ಪ್ರತಿಕಾಯ ಎರಡೂ ಹೆಚ್ಚಿದ್ದ ಮಹಿಳೆಯರಲ್ಲಿ ವರ್ಷಕ್ಕೆ ಶೇ. 4ರಷ್ಟು ಮಂದಿಗೆ ಹಾರ್ಮೋನ್ ಕೊರತೆ ಸ್ಪಷ್ಟವಾಗಿ ಕಾಣಿಸಿಕೊಂಡಿತು. ಅಂದರೆ ಕಾಯಿಲೆಗೆ ಅವಸರವಿಲ್ಲ. ನಾವೂ ಅವಸರಪಡದೆ ಒಂದೊಂದೇ ಹೆಜ್ಜೆ ಇಡಬಹುದು.

ಎರಡನೆಯ ಹೆಜ್ಜೆ: ಎಲ್ಲ ಡಬ್ಬಿಗಳನ್ನೂ ಮೇಜಿನ ಮೇಲೆ ಸುರಿಯಿರಿ

ಮಾತ್ರೆ, ಪುಡಿ, ಟಾನಿಕ್, ಕೂದಲಿಗೆ, ಉಗುರಿಗೆ, ಮೂಳೆಗೆ ಎಂದು ತೆಗೆದುಕೊಳ್ಳುವುದೆಲ್ಲವನ್ನೂ ಒಂದೆಡೆ ಇಟ್ಟು ಒಂದು ಹಾಳೆಯಲ್ಲಿ ಅಯೋಡಿನ್, ಸೆಲೆನಿಯಂ, ಕಬ್ಬಿಣ, ಸತು, ತಾಮ್ರ, ಬಯೋಟಿನ್ ಎಂದು ಆರು ಕಂಬಸಾಲು ಎಳೆಯಿರಿ. ಪ್ರತಿ ಡಬ್ಬಿಯ ದಿನದ ಪ್ರಮಾಣವನ್ನು ಅದರ ಕೆಳಗೆ ಬರೆದು ಕೂಡಿಸಿ. ಲೇಬಲ್ ಓದುವಾಗ ‘ಒಂದು ಮಾತ್ರೆಗೆ’ ಎಂದಿದೆಯೋ ‘ದಿನದ ಮೂರು ಮಾತ್ರೆಗೆ’ ಎಂದಿದೆಯೋ ನೋಡಬೇಕು. ಇಲ್ಲಿ ಎಡವುವವರೇ ಹೆಚ್ಚು.

ಇನ್ನೊಂದು ಎಡವು ಗುಂಡಿ ಮಿಲಿಗ್ರಾಂ ಮತ್ತು ಮೈಕ್ರೋಗ್ರಾಂ ನಡುವಿನದು. ಒಂದು ಮಿಲಿಗ್ರಾಂ ಎಂದರೆ 1000 ಮೈಕ್ರೋಗ್ರಾಂ. ಕಬ್ಬಿಣ ಮತ್ತು ಸತುವನ್ನು ಮಿಲಿಗ್ರಾಂನಲ್ಲಿ ಅಳೆಯುತ್ತಾರೆ. ಅಯೋಡಿನ್ ಮತ್ತು ಸೆಲೆನಿಯಂ ಬೇಕಾಗುವುದು ಮೈಕ್ರೋಗ್ರಾಂನಲ್ಲಿ. ಅಯೋಡಿನ್ ಹನಿಯ ಬಾಟಲಿಯ ಮೇಲೆ ‘12 ಮಿಲಿಗ್ರಾಂ’ ಎಂದಿದ್ದರೆ ಅಂಕಿ ಚಿಕ್ಕದಾಗಿ ಕಾಣುತ್ತದೆ. ಅದು ವಯಸ್ಕರ ಒಂದು ದಿನದ ಅಗತ್ಯದ 80 ಪಟ್ಟು.

ಲೇಬಲನ್ನೂ ಪೂರ್ತಿ ನಂಬುವಂತಿಲ್ಲ. 2008ರಲ್ಲಿ ಅಮೆರಿಕದಲ್ಲಿ ಮಾರಾಟವಾದ ಒಂದು ದ್ರವರೂಪದ ಪೂರಕದಲ್ಲಿ ಲೇಬಲ್‌ನಲ್ಲಿ ಬರೆದದ್ದಕ್ಕಿಂತ 200 ಪಟ್ಟು ಸೆಲೆನಿಯಂ ಇತ್ತು. ತಯಾರಿಕೆಯ ತಪ್ಪು. 200ಕ್ಕೂ ಹೆಚ್ಚು ಜನರಿಗೆ ಕೂದಲು ಉದುರುವುದು, ಉಗುರು ಕೆಡುವುದು, ಭೇದಿ, ಕೀಲು ನೋವು ಕಾಣಿಸಿಕೊಂಡವು. ಆರೋಗ್ಯಕ್ಕೆಂದು ಕುಡಿದದ್ದು ಅದು.

ಬಯೋಟಿನ್ ಖನಿಜವಲ್ಲ, ಬಿ ಗುಂಪಿನ ವಿಟಮಿನ್. ಆದರೂ ಅದಕ್ಕೆ ಒಂದು ಕಂಬಸಾಲು ಕೊಡಲು ಕಾರಣವಿದೆ. ದಿನಕ್ಕೆ ಬೇಕಾದದ್ದು 30 ಮೈಕ್ರೋಗ್ರಾಂ. ಕೂದಲಿನ ಮಾತ್ರೆಗಳಲ್ಲಿ 5ರಿಂದ 10 ಮಿಲಿಗ್ರಾಂ ಇರುವುದುಂಟು. ಇಷ್ಟೊಂದು ಬಯೋಟಿನ್ ರಕ್ತದಲ್ಲಿದ್ದರೆ ಅನೇಕ ಪ್ರಯೋಗಾಲಯಗಳ ಪರೀಕ್ಷಾ ವಿಧಾನವೇ ದಾರಿ ತಪ್ಪುತ್ತದೆ: ಟಿಎಸ್‌ಎಚ್ ಸುಳ್ಳಾಗಿ ಕಡಿಮೆ, ಟಿ4 ಸುಳ್ಳಾಗಿ ಹೆಚ್ಚು ಬರುತ್ತದೆ. ಕಾಗದದ ಮೇಲೆ ಅದು ಥೇಟ್ ಗ್ರೇವ್ಸ್ ಕಾಯಿಲೆಯಂತೆ ಕಾಣುತ್ತದೆ. ನನ್ನ ಒಂದು ವರದಿ ಹೀಗೆ ಬಂದು, ಲೆವೊಥೈರಾಕ್ಸಿನ್ ಪ್ರಮಾಣವನ್ನು ಇಳಿಸುವ ಮಾತು ನಡೆದಿತ್ತು. ಕೂದಲಿನ ಮಾತ್ರೆ ನಿಲ್ಲಿಸಿ ಮತ್ತೆ ಪರೀಕ್ಷಿಸಿದಾಗ ಎಲ್ಲವೂ ಮೊದಲಿನಂತೆಯೇ ಇತ್ತು. ರಕ್ತ ಕೊಡುವ ಕನಿಷ್ಠ ಎರಡು ದಿನ ಮೊದಲು ಬಯೋಟಿನ್ ನಿಲ್ಲಿಸಿ. ಪ್ರಮಾಣ ಬಹಳ ಹೆಚ್ಚಿದ್ದರೆ ಇನ್ನೂ ಮೊದಲೇ ನಿಲ್ಲಿಸಬೇಕಾಗುತ್ತದೆ, ವೈದ್ಯರನ್ನು ಕೇಳಿ.

ಮೂರನೆಯ ಹೆಜ್ಜೆ: ಉಪಯೋಗಕ್ಕೆ ಬರುವ ಪರೀಕ್ಷೆ ಮಾತ್ರ ಮಾಡಿಸಿ

ಥೈರಾಯ್ಡ್ ಪರೀಕ್ಷೆಗಳ ಜೊತೆಗೆ ಹಿಮೋಗ್ಲೋಬಿನ್ ಸೇರಿದ ಸಂಪೂರ್ಣ ರಕ್ತ ಪರೀಕ್ಷೆ, ದೇಹದ ಕಬ್ಬಿಣದ ದಾಸ್ತಾನು ತಿಳಿಸುವ ಫೆರಿಟಿನ್, ವಿಟಮಿನ್ ಬಿ12 ಇಷ್ಟು ಆದರೆ ಆರಂಭಕ್ಕೆ ಸಾಕು. ಕಬ್ಬಿಣ ಪದೇ ಪದೇ ಕಡಿಮೆಯಾಗುತ್ತಿದ್ದರೆ ಸೀಲಿಯಾಕ್ ಕಾಯಿಲೆಯ ರಕ್ತ ಪರೀಕ್ಷೆಯನ್ನೂ ಕೇಳಿ. ಗೋಧಿಯಲ್ಲಿರುವ ಗ್ಲುಟೆನ್ ತಗುಲಿದರೆ ಕರುಳಿನ ಒಳಪದರವೇ ಹಾಳಾಗುವ ಆ ಕಾಯಿಲೆ ಥೈರಾಯ್ಡ್‌ನ ಸ್ವಯಂನಿರೋಧಕ ಕಾಯಿಲೆ ಇರುವವರಲ್ಲಿ ಉಳಿದವರಿಗಿಂತ ಹೆಚ್ಚು. ಒಂದು ಎಚ್ಚರ: ಈ ಪರೀಕ್ಷೆಗೆ ಮೊದಲೇ ಗೋಧಿ ಬಿಟ್ಟುಬಿಟ್ಟರೆ ಫಲಿತಾಂಶ ಸುಳ್ಳಾಗಿ ಸರಿ ಎಂದು ಬರುತ್ತದೆ.

ರಕ್ತದ ಸೆಲೆನಿಯಂ ಪರೀಕ್ಷೆ ಸಿಗುವ ಕಡೆ, ಸೆಲೆನಿಯಂ ಶುರು ಮಾಡುವ ಮೊದಲು ಒಮ್ಮೆ ಮಾಡಿಸುವುದು ಒಳ್ಳೆಯದು. ಸತುವಿನ ಪರೀಕ್ಷೆಯನ್ನು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಮಾಡಿಸಬೇಕು. ಜ್ವರ ಅಥವಾ ಸೋಂಕಿನ ಹೊತ್ತಿನಲ್ಲಿ ಅದು ತಾನಾಗಿಯೇ ಇಳಿಯುತ್ತದೆ. ಅಯೋಡಿನ್‌ನ ಮಟ್ಟವನ್ನು ಒಂದು ಸಲದ ಮೂತ್ರ ಪರೀಕ್ಷೆಯಿಂದ ತಿಳಿಯಲಾಗದು. ಇಡೀ ಪ್ರದೇಶದ ಜನರ ಸರಾಸರಿಯನ್ನು ಅಂದಾಜಿಸಲು ಅದು ಉತ್ತಮ ವಿಧಾನ, ಆದರೆ ಒಬ್ಬರೇ ವ್ಯಕ್ತಿಯಲ್ಲಿ ಇಂದಿಗೂ ನಾಳೆಗೂ ಅಜಗಜಾಂತರ ಇರುತ್ತದೆ. ಚರ್ಮಕ್ಕೆ ಅಯೋಡಿನ್ ಹಚ್ಚಿ ಬಣ್ಣ ಎಷ್ಟು ಬೇಗ ಮಾಯವಾಗುತ್ತದೆ ಎಂದು ನೋಡುವ ‘ಪರೀಕ್ಷೆ’ಗೆ ಯಾವ ಆಧಾರವೂ ಇಲ್ಲ; ಬಣ್ಣ ಮಾಯವಾಗುವುದಕ್ಕೆ ಮುಖ್ಯ ಕಾರಣ ಅಯೋಡಿನ್ ಗಾಳಿಗೆ ಆರಿಹೋಗುವುದು. ಕೂದಲು ಕತ್ತರಿಸಿ ಕಳುಹಿಸಿದರೆ ಇಪ್ಪತ್ತು ಖನಿಜಗಳ ಪಟ್ಟಿ ಕೊಡುವ ಪರೀಕ್ಷೆಯ ಮೇಲೂ ಚಿಕಿತ್ಸೆಯನ್ನು ನಿರ್ಧರಿಸಲಾಗದು. ಶಾಂಪೂವಿನಲ್ಲಿರುವುದು ಕೂಡ ಕೂದಲಿನಲ್ಲಿ ಕುಳಿತಿರುತ್ತದೆ.

ನಾಲ್ಕನೆಯ ಹೆಜ್ಜೆ: ಅಯೋಡಿನ್‌ನ ಎರಡು ಅಂಚುಗಳು

ಥೈರಾಯ್ಡ್ ಎಂದ ಕೂಡಲೇ ಅಯೋಡಿನ್ ನೆನಪಾಗುವುದು ಸಹಜ. ಟಿ4 ಹಾರ್ಮೋನ್‌ನ ಪ್ರತಿ ಅಣುವಿನಲ್ಲಿ ನಾಲ್ಕು ಅಯೋಡಿನ್ ಪರಮಾಣುಗಳಿವೆ. ತೂಕದಲ್ಲಿ ಅದರ ಮೂರನೇ ಎರಡು ಭಾಗದಷ್ಟು ಅಯೋಡಿನ್ನೇ. ಅಯೋಡಿನ್ ಕೊರತೆಯಿಂದ ಕತ್ತು ಊದಿ ಗಳಗಂಡವಾಗುತ್ತಿದ್ದ ಕಾಲದಲ್ಲಿ ಸ್ವಿಟ್ಜರ್ಲೆಂಡ್ 1922ರಲ್ಲಿ, ಅಮೆರಿಕದ ಮಿಷಿಗನ್ 1924ರಲ್ಲಿ ಉಪ್ಪಿಗೆ ಅಯೋಡಿನ್ ಸೇರಿಸಲು ಶುರು ಮಾಡಿದವು. ಸಾರ್ವಜನಿಕ ಆರೋಗ್ಯದ ದೊಡ್ಡ ಗೆಲುವುಗಳಲ್ಲಿ ಅದೊಂದು. ಆ ಗೆಲುವಿನಿಂದಲೇ ‘ಥೈರಾಯ್ಡ್ ತೊಂದರೆಯೇ? ಹಾಗಾದರೆ ಅಯೋಡಿನ್ ತೆಗೆದುಕೊಳ್ಳಿ’ ಎಂಬ ಸಮೀಕರಣ ಜನರ ಮನಸ್ಸಿನಲ್ಲಿ ಅಚ್ಚಾಯಿತು. ಸ್ವಯಂನಿರೋಧಕ ಕಾಯಿಲೆಯಲ್ಲಿ ಈ ಸಮೀಕರಣ ತಲೆಕೆಳಗಾಗುತ್ತದೆ.

ಒಮ್ಮೆಲೇ ಅತಿಯಾದ ಅಯೋಡಿನ್ ಬಂದರೆ ಗ್ರಂಥಿ ಹಾರ್ಮೋನ್ ತಯಾರಿಕೆಯನ್ನು ಕೆಲಕಾಲ ನಿಲ್ಲಿಸುತ್ತದೆ. 1948ರಲ್ಲಿ ಇದನ್ನು ತೋರಿಸಿಕೊಟ್ಟ ವುಲ್ಫ್ ಮತ್ತು ಚೈಕಾಫ್ ಅವರ ಹೆಸರಿನಿಂದಲೇ ಈ ಪರಿಣಾಮವನ್ನು ಕರೆಯುತ್ತಾರೆ. ಆರೋಗ್ಯವಂತ ಗ್ರಂಥಿ ಕೆಲವೇ ದಿನಗಳಲ್ಲಿ ಹೊಂದಿಕೊಂಡು ಮತ್ತೆ ಕೆಲಸ ಶುರು ಮಾಡುತ್ತದೆ. ಹಾಶಿಮೊಟೊದಿಂದ ಸವೆದ ಗ್ರಂಥಿಗೆ ಆ ಹೊಂದಾಣಿಕೆ ಸಾಧ್ಯವಾಗದೆ ಹೋಗಬಹುದು. ಬಾಗಿಲು ಮುಚ್ಚಿದ್ದು ಮುಚ್ಚಿಯೇ ಉಳಿಯುತ್ತದೆ, ಟಿಎಸ್‌ಎಚ್ ಏರುತ್ತದೆ.

ಜನಸಮುದಾಯದಲ್ಲೂ ಇದೇ ಕಂಡಿತು. ಡೆನ್ಮಾರ್ಕ್ 2000ದಲ್ಲಿ ಉಪ್ಪಿಗೆ ಅಯೋಡಿನ್ ಕಡ್ಡಾಯ ಮಾಡಿದ ಮೇಲೆ ಗಳಗಂಡ ಇಳಿಯಿತು, ಟಿಪಿಒ ಪ್ರತಿಕಾಯ ಇರುವವರ ಪ್ರಮಾಣ ಏರಿತು. ಚೀನಾದಲ್ಲಿ ಅಯೋಡಿನ್ ಸ್ವಲ್ಪ ಕಡಿಮೆ, ಸಾಕಾಗಿ ಮಿಗುವಷ್ಟು, ಅತಿ ಎಂಬ ಮೂರು ಬಗೆಯ ಪ್ರದೇಶಗಳನ್ನು ಐದು ವರ್ಷ ಹೋಲಿಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಅತಿಯಾಗಿದ್ದ ಕಡೆಯೇ ಸ್ವಯಂನಿರೋಧಕ ಥೈರಾಯ್ಡ್ ಉರಿಯೂತ ಹೆಚ್ಚಿತ್ತು. ಹಾಗೆಂದು ಉಪ್ಪಿನ ಅಯೋಡಿನ್‌ಗೆ ಹೆದರಬೇಕಿಲ್ಲ. ಕೊರತೆಯಿಂದ ಆಗುವ ಹಾನಿ, ಅದರಲ್ಲೂ ಹುಟ್ಟಲಿರುವ ಮಗುವಿನ ಮೆದುಳಿಗೆ ಆಗುವುದು, ಇದಕ್ಕಿಂತ ಬಹಳ ದೊಡ್ಡದು.

ಮಾಡಬೇಕಾದದ್ದು ಇಷ್ಟು. ವಯಸ್ಕರಿಗೆ ದಿನಕ್ಕೆ 150 ಮೈಕ್ರೋಗ್ರಾಂ ಸಾಕು. ಗರ್ಭಿಣಿಯರಿಗೆ ಮತ್ತು ಹಾಲುಣಿಸುವ ತಾಯಂದಿರಿಗೆ 250 ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮಿತಿ ಯುರೋಪಿನ ಲೆಕ್ಕದಲ್ಲಿ 600, ಅಮೆರಿಕದ ಲೆಕ್ಕದಲ್ಲಿ 1100 ಮೈಕ್ರೋಗ್ರಾಂ. ಸಾಧಾರಣ ಅಯೋಡಿನ್‌ಯುಕ್ತ ಉಪ್ಪು, ಹಾಲು, ಮೊಟ್ಟೆ, ಮೀನು ಬಳಸುವವರಿಗೆ ಬೇರೆ ಮಾತ್ರೆ ಬೇಡ. ಅಯೋಡಿನ್ ಸೇರಿಸದ ಕಲ್ಲುಪ್ಪು ಅಥವಾ ಸಮುದ್ರದ ಉಪ್ಪನ್ನೇ ಬಳಸುತ್ತ, ಹಾಲು, ಮೀನು, ಮೊಟ್ಟೆಗಳನ್ನೂ ಮುಟ್ಟದವರಿಗೆ ಕೊರತೆಯಾಗಬಹುದು. ಅವರು ಉಪ್ಪು ಬದಲಿಸುವುದೇ ಸರಳವಾದ ದಾರಿ. ಸಮುದ್ರದಲ್ಲಿ ಬೆಳೆದದ್ದು ಎಂಬ ಕಾರಣಕ್ಕೆ ಆ ಉಪ್ಪಿನಲ್ಲಿ ಅಯೋಡಿನ್ ಹೇರಳವಾಗಿರುತ್ತದೆ ಎಂದು ನಂಬಿದವರನ್ನು ಕಂಡಿದ್ದೇನೆ. ಇರುವುದಿಲ್ಲ.

ಕಡಲಕಳೆಯ, ಅದರಲ್ಲೂ ಕೆಲ್ಪ್ ಎಂಬ ಕಂದು ಪಾಚಿಯ ಮಾತ್ರೆಗಳನ್ನು ದೂರವಿಡಿ. ಒಂದೇ ಡಬ್ಬಿಯ ಮಾತ್ರೆಗಳಲ್ಲೂ ಅಯೋಡಿನ್ ಪ್ರಮಾಣ ಏರುಪೇರಾಗಿರಬಹುದು. ಕಡಲಕಳೆಯನ್ನು ದಿನವೂ ಬಹಳ ತಿನ್ನುತ್ತಿದ್ದ ಹಾಶಿಮೊಟೊ ರೋಗಿಗಳಲ್ಲಿ ಕೆಲವರಿಗೆ, ಅದನ್ನು ಕಡಿಮೆ ಮಾಡಿದ್ದರಿಂದಲೇ ಹಾರ್ಮೋನ್ ಮಟ್ಟ ಸರಿಹೋದದ್ದು ವರದಿಯಾಗಿದೆ. ಈ ಇಡೀ ಬರಹದಲ್ಲಿ ಮಾತ್ರೆ ಸೇರಿಸದೆ, ಕಳೆದು ಗುಣ ಕಂಡ ಉದಾಹರಣೆ ಅದೊಂದೇ, ಹಾಗಾಗಿ ನನಗೆ ಅದು ಇಷ್ಟ.

ಲುಗಾಲ್ ದ್ರಾವಣದ ಬಗ್ಗೆ ಒಂದು ಮಾತು. 1829ರಷ್ಟು ಹಳೆಯದಾದ ಈ ಅಯೋಡಿನ್ ದ್ರಾವಣವನ್ನು ಗ್ರೇವ್ಸ್ ರೋಗಿಗಳಿಗೆ ಶಸ್ತ್ರಚಿಕಿತ್ಸೆಗೆ ಮೊದಲು ಕೆಲವು ದಿನ ಕೊಡುವ ಪದ್ಧತಿ ಇಂದಿಗೂ ಇದೆ. ಗ್ರಂಥಿಯನ್ನು ತಾತ್ಕಾಲಿಕವಾಗಿ ಸುಮ್ಮನಿರಿಸುವುದೇ ಅದರ ಉದ್ದೇಶ. ಅದನ್ನೇ ‘ಗ್ರಂಥಿಗೆ ಪೋಷಣೆ’ ಎಂದು ಹಾಶಿಮೊಟೊ ರೋಗಿಗೆ ಹನಿ ಹನಿಯಾಗಿ ಕುಡಿಸುವುದು ಎಂಥ ವಿಪರ್ಯಾಸ ನೋಡಿ. ಸಿಟಿ ಸ್ಕ್ಯಾನ್‌ಗೆ ಕೊಡುವ ಅಯೋಡಿನ್‌ಯುಕ್ತ ದ್ರವ, ಹೃದಯದ ಬಡಿತಕ್ಕೆ ಕೊಡುವ ಅಮಿಯೊಡರೋನ್ (200 ಮಿಲಿಗ್ರಾಂ ಮಾತ್ರೆಯಲ್ಲಿ ಸುಮಾರು 75 ಮಿಲಿಗ್ರಾಂ ಅಯೋಡಿನ್ ಇದೆ) ಇವನ್ನು ಹೆದರಿ ನಿರಾಕರಿಸಬೇಡಿ, ಆದರೆ ನಿಮಗೆ ಥೈರಾಯ್ಡ್ ಕಾಯಿಲೆ ಇರುವುದನ್ನು ಮೊದಲೇ ಹೇಳಿ.

ಐದನೆಯ ಹೆಜ್ಜೆ: ಸೆಲೆನಿಯಂ, ಅರ್ಧ ನಿಜದ ಕಥೆ

ಹಾರ್ಮೋನ್ ತಯಾರಿಸುವಾಗ ಗ್ರಂಥಿಯೊಳಗೆ ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟುತ್ತದೆ. ಅಯೋಡಿನ್ನನ್ನು ಜೋಡಿಸಲು ಅದು ಬೇಕು, ಆದರೆ ಕುಲುಮೆಯ ಕಿಡಿಯಂತೆ ಸುತ್ತಲನ್ನೂ ಸುಡಬಲ್ಲದು. ಆ ಕಿಡಿಗೆ ನೀರು ಚಿಮುಕಿಸುವ ಕಿಣ್ವಗಳಲ್ಲಿ ಸೆಲೆನಿಯಂ ಇದೆ. ಟಿ4ನಿಂದ ಒಂದು ಅಯೋಡಿನ್ ಪರಮಾಣುವನ್ನು ಕಿತ್ತು ಚುರುಕಾದ ಟಿ3 ಮಾಡುವ ಕಿಣ್ವಗಳಲ್ಲೂ ಸೆಲೆನಿಯಂ ಇದೆ. ಒಂದು ಗ್ರಾಂ ಅಂಗಾಂಶದಲ್ಲಿ ಎಷ್ಟಿದೆ ಎಂಬ ಲೆಕ್ಕದಲ್ಲಿ ದೇಹದ ಎಲ್ಲ ಅಂಗಗಳಿಗಿಂತ ಹೆಚ್ಚು ಸೆಲೆನಿಯಂ ಇರುವುದು ಥೈರಾಯ್ಡ್‌ನಲ್ಲೇ. ಇಷ್ಟು ಓದಿದವರಿಗೆ ಡಬ್ಬಿ ಕೊಳ್ಳುವ ಆಸೆಯಾದರೆ ಆಶ್ಚರ್ಯವಿಲ್ಲ. ನಾನೂ ಕೊಂಡದ್ದು ಹೀಗೆಯೇ.

2002ರಲ್ಲಿ ಜರ್ಮನಿಯ ವೈದ್ಯರು ಹಾಶಿಮೊಟೊ ರೋಗಿಗಳಿಗೆ ದಿನಕ್ಕೆ 200 ಮೈಕ್ರೋಗ್ರಾಂ ಸೆಲೆನಿಯಂ ಅನ್ನು ಮೂರು ತಿಂಗಳು ಕೊಟ್ಟು, ಟಿಪಿಒ ಪ್ರತಿಕಾಯ ಇಳಿದದ್ದನ್ನು ತೋರಿಸಿದರು. ಆಮೇಲೆ ಬಂದ ಹಲವು ಪ್ರಯೋಗಗಳಲ್ಲೂ ಪ್ರತಿಕಾಯ ಇಳಿಯಿತು. ಸರಿ, ರೋಗಿಗೆ ಹಾಯೆನಿಸಿತೇ? ಅದನ್ನೇ ಕೇಳಲು ಡೆನ್ಮಾರ್ಕಿನಲ್ಲಿ 400ಕ್ಕೂ ಹೆಚ್ಚು ರೋಗಿಗಳಿಗೆ ಲೆವೊಥೈರಾಕ್ಸಿನ್ ಜೊತೆಗೆ ಒಂದು ವರ್ಷ ಸೆಲೆನಿಯಂ ಇಲ್ಲವೇ ಹುಸಿಮಾತ್ರೆ ಕೊಟ್ಟು ನೋಡಿದರು. 2024ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಪ್ರತಿಕಾಯವೇನೋ ಇಳಿದಿತ್ತು. ದಣಿವು, ಮಂಕು, ದಿನನಿತ್ಯದ ಬದುಕಿನ ಗುಣಮಟ್ಟ, ಯಾವುದರಲ್ಲೂ ಎರಡು ಗುಂಪಿಗೆ ವ್ಯತ್ಯಾಸವಿರಲಿಲ್ಲ. ವರದಿಯ ಒಂದು ಅಂಕಿ ಇಳಿಯುವುದೂ ಕಾಯಿಲೆ ಇಳಿಯುವುದೂ ಬೇರೆ ಬೇರೆ.

ಸೆಲೆನಿಯಂಗೆ ಗಟ್ಟಿಯಾದ ಜಾಗವೊಂದಿದೆ. ಗ್ರೇವ್ಸ್‌ನಲ್ಲಿ ಬರುವ ಕಣ್ಣಿನ ಕಾಯಿಲೆ ಸೌಮ್ಯವಾಗಿದ್ದು, ಶುರುವಾಗಿ ಬಹಳ ದಿನಗಳಾಗಿಲ್ಲದಿದ್ದರೆ, ದಿನಕ್ಕೆ ಎರಡು ಬಾರಿ 100 ಮೈಕ್ರೋಗ್ರಾಂನಂತೆ ಆರು ತಿಂಗಳು ಕೊಟ್ಟಾಗ ಕಣ್ಣಿನ ಸ್ಥಿತಿ ಸುಧಾರಿಸಿತು, ಉಲ್ಬಣಿಸುವುದು ಕಡಿಮೆಯಾಯಿತು ಎಂದು 2011ರ ಯುರೋಪಿನ ಪ್ರಯೋಗ ತೋರಿಸಿತು. ಭಾಗವಹಿಸಿದವರಲ್ಲಿ ಹೆಚ್ಚಿನವರು ಮಣ್ಣಿನಲ್ಲಿ ಸೆಲೆನಿಯಂ ಕಡಿಮೆ ಇರುವ ಪ್ರದೇಶದವರು ಎಂಬುದನ್ನೂ ನೆನಪಿಡಬೇಕು. ಕಣ್ಣಿನ ವೈದ್ಯರು ಸೂಚಿಸಿದರೆ ಆರು ತಿಂಗಳು ತೆಗೆದುಕೊಂಡು ನಿಲ್ಲಿಸಿ.

ಉಳಿದವರು ಮೊದಲು ಆಹಾರವನ್ನು ನೋಡಲಿ. ದಿನಕ್ಕೆ ಬೇಕಾದದ್ದು 55ರಿಂದ 70 ಮೈಕ್ರೋಗ್ರಾಂ. ಮೀನು, ಮೊಟ್ಟೆ, ಮಾಂಸ, ಧಾನ್ಯ ಎಲ್ಲದರಲ್ಲೂ ಇದೆ. ಧಾನ್ಯದಲ್ಲಿ ಎಷ್ಟಿದೆ ಎಂಬುದು ಬೆಳೆದ ಮಣ್ಣನ್ನು ಅವಲಂಬಿಸಿದೆ. ಫಿನ್ಲೆಂಡ್ ತನ್ನ ಬಡ ಮಣ್ಣಿಗೆ 1980ರ ದಶಕದ ಮಧ್ಯದಿಂದ ರಸಗೊಬ್ಬರದಲ್ಲೇ ಸೆಲೆನಿಯಂ ಬೆರೆಸುತ್ತಿದೆ. ಬ್ರೆಜಿಲ್ ನಟ್ ಬೀಜದಲ್ಲಿ ಸೆಲೆನಿಯಂ ಹೇರಳ, ಆದರೆ ಒಂದು ಬೀಜದಲ್ಲಿ 10 ಮೈಕ್ರೋಗ್ರಾಂ ಇರಬಹುದು, 100 ಮೀರಿಯೂ ಇರಬಹುದು. ದಿನಕ್ಕೊಂದು ಬೀಜ ತಿನ್ನುವವರು ಮೇಲೆ ಮಾತ್ರೆಯನ್ನೂ ನುಂಗಬಾರದು.

ಕೊರತೆಗೂ ಅತಿಗೂ ನಡುವಿನ ಹಾದಿ ಇಲ್ಲಿ ಇಕ್ಕಟ್ಟಾಗಿದೆ. ಅಮೆರಿಕದ ಮಿತಿ ದಿನಕ್ಕೆ 400 ಮೈಕ್ರೋಗ್ರಾಂ. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2023ರಲ್ಲಿ ತನ್ನ ಮಿತಿಯನ್ನು 255ಕ್ಕೆ ಇಳಿಸಿತು. ಆಹಾರದಿಂದ ಬಂದದ್ದೂ ಇದರಲ್ಲಿ ಸೇರುತ್ತದೆ. ಬಾಯಲ್ಲಿ ಲೋಹದ ರುಚಿ, ಉಸಿರಿನಲ್ಲಿ ಬೆಳ್ಳುಳ್ಳಿಯ ವಾಸನೆ, ಸೀಳುವ ಉಗುರು, ಉದುರುವ ಕೂದಲು ಅತಿಯಾದದ್ದರ ಲಕ್ಷಣಗಳು. ಹಾರ್ಮೋನ್ ಕೊರತೆಯಲ್ಲೂ ಕೂದಲು ಉದುರುತ್ತದೆ. ಅದನ್ನು ಕಂಡು ಸೆಲೆನಿಯಂ ಇನ್ನಷ್ಟು ಹೆಚ್ಚಿಸಿದರೆ ಬೆಂಕಿಗೆ ತುಪ್ಪ ಸುರಿದಂತೆ. ಈಗಾಗಲೇ ಸಾಕಷ್ಟು ಸೆಲೆನಿಯಂ ಇರುವವರು ವರ್ಷಗಟ್ಟಲೆ ಮಾತ್ರೆ ನುಂಗಿದರೆ ಮಧುಮೇಹದ ಅಪಾಯ ಹೆಚ್ಚಬಹುದು ಎಂಬ ಸುಳಿವನ್ನೂ ಪ್ರಯೋಗಗಳು ಕೊಟ್ಟಿವೆ.

ಕ್ರಮವೂ ಮುಖ್ಯ. ಅಯೋಡಿನ್ ಮತ್ತು ಸೆಲೆನಿಯಂ ಎರಡೂ ತೀರಾ ಕಡಿಮೆ ಇದ್ದ ಮಧ್ಯ ಆಫ್ರಿಕಾದ ಜಾಯಿರ್‌ನಲ್ಲಿ (ಈಗಿನ ಕಾಂಗೊ ಪ್ರಜಾಸತ್ತಾತ್ಮಕ ಗಣರಾಜ್ಯ) ಸೆಲೆನಿಯಂ ಒಂದನ್ನೇ ಕೊಟ್ಟಾಗ ಥೈರಾಯ್ಡ್ ಹಾರ್ಮೋನ್ ಮಟ್ಟ ಇನ್ನಷ್ಟು ಕುಸಿಯಿತು. ಅಯೋಡಿನ್ ಕೊರತೆಯಿದ್ದರೆ ಅದನ್ನು ಮೊದಲು ಸರಿಪಡಿಸಬೇಕು.

ಆರನೆಯ ಹೆಜ್ಜೆ: ಯಾರೂ ಮಾತನಾಡದ ಕಬ್ಬಿಣ

ಥೈರಾಯ್ಡ್‌ಗೆಂದು ಮಾರುವ ಡಬ್ಬಿಗಳ ಮೇಲೆ ಕಬ್ಬಿಣಕ್ಕೆ ಮೆರವಣಿಗೆ ಇಲ್ಲ. ಆದರೆ ಅಯೋಡಿನ್ನನ್ನು ಹಾರ್ಮೋನ್‌ಗೆ ಜೋಡಿಸುವ ಟಿಪಿಒ ಕಿಣ್ವ, ಅಂದರೆ ನಿಮ್ಮ ವರದಿಯಲ್ಲಿ ಪ್ರತಿಕಾಯಗಳ ಗುರಿಯಾಗಿರುವ ಅದೇ ಕಿಣ್ವ, ಕಬ್ಬಿಣವಿರುವ ಹೀಮ್ ಇಲ್ಲದೆ ಕೆಲಸ ಮಾಡಲಾರದು. ಈ ಕಾಯಿಲೆ ಇರುವವರಿಗೆ ಕಬ್ಬಿಣ ಕಡಿಮೆಯಾಗಲು ದಾರಿಗಳೂ ಹಲವು. ಹಾರ್ಮೋನ್ ಕೊರತೆಯಲ್ಲಿ ಮುಟ್ಟಿನ ಸ್ರಾವ ಹೆಚ್ಚಾಗಬಹುದು. ಕೆಲವರಲ್ಲಿ ರೋಗನಿರೋಧಕ ವ್ಯವಸ್ಥೆ ಜಠರದ ಒಳಪದರದ ಮೇಲೂ ದಾಳಿ ಮಾಡಿ ಆಮ್ಲವನ್ನು ತಗ್ಗಿಸುತ್ತದೆ. ಆಮ್ಲವಿಲ್ಲದೆ ಕಬ್ಬಿಣ ಸರಿಯಾಗಿ ಹೀರಿಕೆಯಾಗದು, ಬಿ12 ಕೂಡ ಕುಸಿಯುತ್ತದೆ. ಸೀಲಿಯಾಕ್ ಮೂರನೆಯ ದಾರಿ.

ಟಿಎಸ್‌ಎಚ್ ಸರಿಯಾಗಿದ್ದೂ ಮೆಟ್ಟಿಲು ಹತ್ತಿದರೆ ಏದುಸಿರು, ಕೂದಲು ಕೈತುಂಬ, ಚಳಿ, ದಣಿವು ಎನ್ನುವವರು ಇನ್ನೊಂದು ಥೈರಾಯ್ಡ್ ಪರೀಕ್ಷೆಗೆ ಓಡುವ ಮುನ್ನ ಫೆರಿಟಿನ್ ನೋಡಬೇಕು. ಹಿಮೋಗ್ಲೋಬಿನ್ ಸರಿಯಿದೆ ಎಂಬ ಮಾತಿಗೆ ಸಮಾಧಾನಪಡಬೇಡಿ. ಉಗ್ರಾಣ ಖಾಲಿಯಾದ ಎಷ್ಟೋ ದಿನಗಳ ಮೇಲೆ ಹಿಮೋಗ್ಲೋಬಿನ್ ಇಳಿಯುತ್ತದೆ. ಆ ಉಗ್ರಾಣದ ಲೆಕ್ಕವೇ ಫೆರಿಟಿನ್. ಅದು ಮಿಲಿಲೀಟರ್‌ಗೆ 15 ನ್ಯಾನೋಗ್ರಾಂಗಿಂತ ಕಡಿಮೆ ಇದ್ದರೆ ಕಬ್ಬಿಣದ ದಾಸ್ತಾನು ಬರಿದಾಗಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ಅನೇಕ ವೈದ್ಯರು 30ಕ್ಕಿಂತ ಕಡಿಮೆ ಇದ್ದರೇ ಚಿಕಿತ್ಸೆ ಶುರು ಮಾಡುತ್ತಾರೆ. ಸೋಂಕು, ಉರಿಯೂತ ಇರುವಾಗ ಫೆರಿಟಿನ್ ಸುಳ್ಳಾಗಿ ಏರುತ್ತದೆ, ಆದ್ದರಿಂದ ಜ್ವರದ ವಾರದಲ್ಲಿ ಈ ಪರೀಕ್ಷೆ ಬೇಡ.

ಕೊರತೆ ಖಚಿತವಾದರೆ ಮಾತ್ರೆಯ ಮೇಲಿನ ತೂಕವನ್ನೂ ಅದರಲ್ಲಿರುವ ಶುದ್ಧ ಕಬ್ಬಿಣವನ್ನೂ ಬೇರೆ ಮಾಡಿ ಓದಿ. 325 ಮಿಲಿಗ್ರಾಂ ಫೆರಸ್ ಸಲ್ಫೇಟ್ ಮಾತ್ರೆಯಲ್ಲಿ ಕಬ್ಬಿಣ ಇರುವುದು ಸುಮಾರು 65 ಮಿಲಿಗ್ರಾಂ. ದಿನ ಬಿಟ್ಟು ದಿನ ತೆಗೆದುಕೊಂಡರೆ ಪ್ರತಿ ಮಾತ್ರೆಯಿಂದ ಹೀರಿಕೆ ಹೆಚ್ಚು: ಒಂದು ಮಾತ್ರೆ ಬಿದ್ದ ಕೂಡಲೇ ಹೆಪ್ಸಿಡಿನ್ ಎಂಬ ಹಾರ್ಮೋನ್ ಏರಿ ಮರುದಿನದವರೆಗೂ ಕರುಳಿನ ಬಾಗಿಲನ್ನು ಅರ್ಧ ಮುಚ್ಚಿರುತ್ತದೆ. ಹೊಟ್ಟೆ ಕೆಡುವುದೂ ಇದರಿಂದ ಕಡಿಮೆಯಾಗಬಹುದು. ಚಹಾ ಮತ್ತು ಕಾಫಿಯಿಂದ ದೂರವಾಗಿ, ಹುಳಿ ಹಣ್ಣಿನ ರಸದ ಜೊತೆಗೆ ತೆಗೆದುಕೊಳ್ಳಿ. ಮಲ ಕಪ್ಪಾದರೆ ಹೆದರಬೇಡಿ. ಫೆರಿಟಿನ್ ಮತ್ತೆ ನೋಡುವುದು ಸುಮಾರು ಮೂರು ತಿಂಗಳ ಮೇಲೆ.

ಪರೀಕ್ಷೆಯಿಲ್ಲದೆ ಕಬ್ಬಿಣವನ್ನು ಯಾರೂ ಶುರು ಮಾಡಬಾರದು, ಮುಖ್ಯವಾಗಿ ಗಂಡಸರು ಮತ್ತು ಮುಟ್ಟು ನಿಂತ ಹೆಂಗಸರು. ದೇಹಕ್ಕೆ ಹೆಚ್ಚಿನ ಕಬ್ಬಿಣವನ್ನು ಹೊರಹಾಕುವ ದಾರಿಯೇ ಇಲ್ಲ. ಅವರಲ್ಲಿ ಕೊರತೆ ಕಂಡರೆ ಹೊಟ್ಟೆ, ಕರುಳಿನಲ್ಲಿ ಎಲ್ಲಾದರೂ ರಕ್ತ ಸೋರುತ್ತಿದೆಯೇ ಎಂದು ಹುಡುಕುವುದು ಮಾತ್ರೆಗಿಂತ ಮುಖ್ಯ. ಮಾತ್ರೆಯನ್ನು ಮಕ್ಕಳ ಕೈಗೆ ಸಿಗದಂತೆ ಇಡಿ. ಚಿಕ್ಕ ಮಕ್ಕಳಿಗೆ ಕಬ್ಬಿಣದ ಮಾತ್ರೆ ಪ್ರಾಣಾಂತಿಕವಾಗಬಲ್ಲದು.

ಏಳನೆಯ ಹೆಜ್ಜೆ: ಸತು, ತಾಮ್ರ, ಮತ್ತಿತರರು

ಟಿ3 ಹಾರ್ಮೋನ್ ಜೀವಕೋಶದೊಳಗೆ ಹೋಗಿ ಕೂರುವ ಗ್ರಾಹಕದ ರಚನೆಗೆ ಸತು ಬೇಕು. ಹೆಂಗಸರಿಗೆ ದಿನಕ್ಕೆ 8, ಗಂಡಸರಿಗೆ 11 ಮಿಲಿಗ್ರಾಂ. ಕಾಳು, ಬೀಜ, ಮಾಂಸ, ಮೊಟ್ಟೆ ಸಾಕಷ್ಟು ತಿನ್ನುವವರಿಗೆ ಮಾತ್ರೆ ಅನಗತ್ಯ. ದಿನಕ್ಕೆ 40 ಮಿಲಿಗ್ರಾಂ ಮೀರಿ ತಿಂಗಳುಗಟ್ಟಲೆ ತೆಗೆದುಕೊಂಡರೆ ತಾಮ್ರ ಕುಸಿದು ರಕ್ತಹೀನತೆ, ಕೈಕಾಲು ಜೋಮು, ನಡಿಗೆಯ ತೊಂದರೆ ಬರಬಹುದು. ಕಟ್ಟಿಸಿಕೊಂಡ ಹಲ್ಲುಸೆಟ್ಟಿನ ಅಂಟಿನಲ್ಲಿದ್ದ ಸತುವಿನಿಂದಲೇ ಹೀಗಾದ ರೋಗಿಗಳಿದ್ದಾರೆ. ತಾಮ್ರವನ್ನು ಥೈರಾಯ್ಡ್‌ಗೆಂದು ತೆಗೆದುಕೊಳ್ಳಲು ಕಾರಣವಿಲ್ಲ. ಮ್ಯಾಂಗನೀಸ್, ಕ್ರೋಮಿಯಂ, ಮಾಲಿಬ್ಡಿನಂ ಇವು ಡಬ್ಬಿಯ ಪಟ್ಟಿಯನ್ನು ಉದ್ದ ಮಾಡಲು ಇವೆ.

ಎಂಟನೆಯ ಹೆಜ್ಜೆ: ಗಡಿಯಾರ ನೋಡಿ

ಕಬ್ಬಿಣ ಮತ್ತು ಕ್ಯಾಲ್ಸಿಯಂ ಲೆವೊಥೈರಾಕ್ಸಿನ್ ಜೊತೆ ಹೊಟ್ಟೆಯಲ್ಲೇ ಅಂಟಿಕೊಂಡು, ಅದು ರಕ್ತಕ್ಕೆ ಸೇರದಂತೆ ತಡೆಯುತ್ತವೆ. ಖನಿಜವೆಲ್ಲ ಒಟ್ಟಿಗಿರುವ ಮಾತ್ರೆಯೂ ಅಷ್ಟೇ. ಲೆವೊಥೈರಾಕ್ಸಿನ್‌ಗೂ ಇವುಗಳಿಗೂ ನಡುವೆ ನಾಲ್ಕು ಗಂಟೆ ಬಿಡಬೇಕು. ಬೆಳಿಗ್ಗೆ ಆರಕ್ಕೆ ಖಾಲಿ ಹೊಟ್ಟೆಯಲ್ಲಿ ನೀರಿನ ಜೊತೆ ಲೆವೊಥೈರಾಕ್ಸಿನ್, ಅರ್ಧದಿಂದ ಒಂದು ಗಂಟೆಯ ಮೇಲೆ ತಿಂಡಿ ಮತ್ತು ಕಾಫಿ, ಕಬ್ಬಿಣದ ಮಾತ್ರೆ ಮಧ್ಯಾಹ್ನ ಊಟಕ್ಕೆ ಒಂದು ಗಂಟೆ ಮೊದಲು, ಕ್ಯಾಲ್ಸಿಯಂ ರಾತ್ರಿ ಊಟದೊಂದಿಗೆ. ಬೆಳಿಗ್ಗೆ ಹೊಂದದವರು ಲೆವೊಥೈರಾಕ್ಸಿನ್ನನ್ನು ಊಟವಾಗಿ ಮೂರು ಗಂಟೆಯ ಮೇಲೆ ಮಲಗುವಾಗ ತೆಗೆದುಕೊಳ್ಳಬಹುದು, ಆದರೆ ಆಗ ರಾತ್ರಿಯ ಕ್ಯಾಲ್ಸಿಯಂ ಬೇರೆ ಹೊತ್ತಿಗೆ ಹೋಗಬೇಕು. ಟಿಎಸ್‌ಎಚ್ ಕಾರಣವಿಲ್ಲದೆ ಏರಿದರೆ ಮೊದಲು ಈ ವೇಳಾಪಟ್ಟಿಯನ್ನು ಪರಿಶೀಲಿಸಿ. ಕಾಯಿಲೆ ಹೆಚ್ಚಾಯಿತೆಂದು ಮಾತ್ರೆಯ ಪ್ರಮಾಣ ಹೆಚ್ಚಿಸಿಕೊಂಡವರಲ್ಲಿ ಕೆಲವರಿಗೆ ಆಗಿರುವುದು ಇಷ್ಟೇ: ಕಬ್ಬಿಣವನ್ನೂ ಅದನ್ನೂ ಒಂದೇ ಗುಟುಕಿನಲ್ಲಿ ನುಂಗಿದ್ದಾರೆ.

ಒಂಬತ್ತನೆಯ ಹೆಜ್ಜೆ: ಒಂದು ಸಲಕ್ಕೆ ಒಂದೇ, ನಿಲ್ಲಿಸುವ ದಿನಾಂಕದೊಂದಿಗೆ

ಮೂರು ಮಾತ್ರೆ ಒಟ್ಟಿಗೆ ಶುರು ಮಾಡಿ ಹಾಯೆನಿಸಿದರೆ ಯಾವುದರಿಂದ ಎಂದು ತಿಳಿಯುವುದಿಲ್ಲ, ಕೆಟ್ಟರೂ ತಿಳಿಯುವುದಿಲ್ಲ. ಒಂದು ನೋಟುಪುಸ್ತಕದಲ್ಲಿ ಖನಿಜದ ಹೆಸರು, ಯಾವ ಪರೀಕ್ಷೆಯ ಯಾವ ಅಂಕಿಯಿಂದಾಗಿ ಶುರು ಮಾಡಿದಿರಿ, ಪ್ರಮಾಣ, ಶುರುವಿನ ದಿನಾಂಕ, ನಿಲ್ಲಿಸುವ ಅಥವಾ ಮರುಪರೀಕ್ಷೆಯ ದಿನಾಂಕ ಬರೆಯಿರಿ. ಎರಡನೆಯ ಅಂಶವನ್ನು ಬರೆಯಲಾಗದಿದ್ದರೆ ಆ ಡಬ್ಬಿಯನ್ನು ತೆರೆಯಬೇಡಿ. ಲೆವೊಥೈರಾಕ್ಸಿನ್ ಪ್ರಮಾಣ ಬದಲಾದರೆ ಆರರಿಂದ ಎಂಟು ವಾರ ಬೇರೆ ಏನನ್ನೂ ಬದಲಿಸಬೇಡಿ. ಟಿಎಸ್‌ಎಚ್ ಹೊಸ ಮಟ್ಟಕ್ಕೆ ಬಂದು ನಿಲ್ಲಲು ಅಷ್ಟು ಕಾಲ ಬೇಕು. ಟಿಪಿಒ ಪ್ರತಿಕಾಯವನ್ನು ತಿಂಗಳಿಗೊಮ್ಮೆ ಅಳೆಯುವ ಹುಚ್ಚಿಗೆ ಬೀಳಬೇಡಿ. ಕಾಯಿಲೆ ಗುರುತಿಸಲು ಆ ಪರೀಕ್ಷೆ ಬೇಕಿತ್ತು, ಅದರ ಕೆಲಸ ಮುಗಿದಿದೆ.

ಗರ್ಭಿಣಿಯರು, ಗರ್ಭ ಧರಿಸಲು ಯೋಚಿಸುತ್ತಿರುವವರು ಈ ಪ್ರಯೋಗಗಳನ್ನೆಲ್ಲ ಬದಿಗಿಟ್ಟು ನೇರವಾಗಿ ವೈದ್ಯರ ಬಳಿ ಹೋಗಬೇಕು. ಗರ್ಭ ನಿಂತ ಮೊದಲ ವಾರಗಳಲ್ಲೇ ಲೆವೊಥೈರಾಕ್ಸಿನ್ ಹೆಚ್ಚು ಬೇಕಾಗುತ್ತದೆ, ಅಯೋಡಿನ್ ಅಗತ್ಯವೂ ಏರುತ್ತದೆ. ಎದೆಬಡಿತ ಹೆಚ್ಚಿ ಕೈ ನಡುಗುವುದು, ತೂಕ ತಾನಾಗಿ ಇಳಿಯುವುದು, ಕಣ್ಣು ಮುಂದಕ್ಕೆ ಬಂದಂತಾಗುವುದು ಅಥವಾ ಎರಡೆರಡಾಗಿ ಕಾಣುವುದು, ಕತ್ತಿನ ಗಂಟು ಬೇಗ ಬೆಳೆಯುವುದು, ನುಂಗಲು ಕಷ್ಟವಾಗುವುದು, ಇವುಗಳಲ್ಲಿ ಯಾವುದಿದ್ದರೂ ಕಾಯಬಾರದು.

ನನ್ನ ನೋಟುಪುಸ್ತಕದ ಈಗಿನ ಪುಟದಲ್ಲಿ ಒಂದೇ ಸಾಲಿದೆ: ಕಬ್ಬಿಣ, ಫೆರಿಟಿನ್ 11, ದಿನ ಬಿಟ್ಟು ದಿನ, ಮೂರು ತಿಂಗಳ ಮೇಲೆ ಮತ್ತೆ ಪರೀಕ್ಷೆ.